ಬಿಲ್ಲೆ ಎರೆದ ಜಾಗ ನನಗೆ ಮಾತ್ರ ಗೊತ್ತು

ಪತ್ರಿಕೆಯಲ್ಲಿ ಅಚ್ಚಾಗಿದ್ದ ಹೆಬ್ಬೆರಳು ನನ್ನದು. ಉಗುರು ಕಪ್ಪಾಗಿತ್ತು, ಹಿಂದಿನ ವಾರವಷ್ಟೇ ಕಾರಿನ ಬಾಗಿಲಿಗೆ ಸಿಕ್ಕಿಸಿಕೊಂಡಿದ್ದೆ. ಬೆರಳ ತುದಿಯಲ್ಲಿ ಹಿಡಿದಿದ್ದ ಹಿತ್ತಾಳೆ ಬಿಲ್ಲೆಯೂ ನನ್ನದೇ. ಕೆಳಗಿದ್ದ ಹೆಸರು ಮಾತ್ರ ಮೇಷ್ಟ್ರದು.

ಬಿಲ್ಲೆ ಅಂದರೆ ಹಿಂದೆ ಕಾಫಿ ಎಸ್ಟೇಟುಗಳು ತಮ್ಮಷ್ಟಕ್ಕೆ ಮಾಡಿಸಿಕೊಂಡಿದ್ದ ನಾಣ್ಯ. ಪಿಕ್ಕಿಂಗ್ ಕಾಲದಲ್ಲಿ ಒಂದು ಬುಟ್ಟಿ ಹಣ್ಣು ತಂದು ಸುರಿದರೆ ತೋಟದ ಲೆಕ್ಕ ಬರೆಯುವ ರೈಟರು ಕೈಗೊಂದು ಬಿಲ್ಲೆ ಹಾಕುತ್ತಿದ್ದರಂತೆ. ಆಮೇಲೆ ಅದನ್ನು ತೋರಿಸಿ ಕೂಲಿ ಪಡೆಯಬೇಕು. ಆ ತೋಟದ ಗೇಟು ದಾಟಿದರೆ ಅದಕ್ಕೆ ಗುಂಡಿಯ ಬೆಲೆಯೂ ಇಲ್ಲ. ನಾನು ಇನ್ಶೂರೆನ್ಸ್ ಏಜೆಂಟ. ಬೆಂಕಿ, ಆನೆ, ಮೈಮೇಲೆ ಬೀಳುವ ಮರ, ಇವನ್ನೆಲ್ಲ ಊಹಿಸಿ ಹೆದರುವುದೇ ನನ್ನ ಹೊಟ್ಟೆಪಾಡು. ಈ ಕಸುಬಿಗೆ ಬರುವ ಮೊದಲು ಅದನ್ನೇ ಪುಕ್ಕಟೆಯಾಗಿ ಮಾಡುತ್ತಿದ್ದೆ. ಪಾಲಿಸಿ ಮಾರಲು ತೋಟ ತೋಟ ಸುತ್ತುವಾಗ ಹಳಬರ ಡಬ್ಬಿಗಳಿಂದ ಒಂದೊಂದಾಗಿ ಬಿಲ್ಲೆ ಸೇರಿಸಿದೆ.

ಮೂರು ಬೇರೆ ಬೇರೆ ಎಸ್ಟೇಟಿನ ಬಿಲ್ಲೆಗಳ ಹಿಂಬದಿಯಲ್ಲಿ ಒಂದೇ ಹೂವಿತ್ತು. ಮೂರರಲ್ಲೂ ಅದರ ಒಂದು ಎಸಳು ಒಂದೇ ಕಡೆ ಮುರಿದಿತ್ತು. ಅಂದರೆ ಅಚ್ಚು ಒಂದೇ, ಮೂರನ್ನೂ ಎರೆದ ಕುಲುಮೆಯೂ ಒಂದೇ. ಇದು ಹೊಳೆದ ದಿನ ಹೊಟ್ಟೆಯಲ್ಲಿ ಇರಿಸಿಕೊಳ್ಳಲಾರದೆ ಪೊನ್ನಂಪೇಟೆಯ ಹೋಟೆಲಿನಲ್ಲಿ ಮೇಷ್ಟ್ರಿಗೆ ಹೇಳಿದೆ. ನಿವೃತ್ತ ಇತಿಹಾಸ ಮೇಷ್ಟ್ರು, ನಾಲ್ಕು ಜನರ ನಡುವೆ ನನ್ನನ್ನು ‘ನಮ್ಮ ಸಂಶೋಧಕರು’ ಎಂದು ಕರೆಯುತ್ತಿದ್ದವರು. ಗೇಲಿ ಇರಬಹುದೆಂಬ ಅನುಮಾನವಿತ್ತು, ಆದರೆ ಕೇಳಲು ಹಿತವಾಗಿತ್ತು. ಫೋಟೊ ಕೇಳಿದರು, ಕಳಿಸಿದೆ. ಮುರಿದ ಎಸಳು ಅವರ ಸಂಶೋಧನೆಯಾಗಿ ಪತ್ರಿಕೆಯಲ್ಲಿ ಬಂತು.

ಜಗಳವಾಡಲು ಹೊರಟೆ. ದಾರಿಯಲ್ಲಿ, ನಾನು ಕೂಗಾಡಿದಾಗ ಅವರಿಗೆ ಎದೆನೋವು ಬಂದರೆ ಎಂಬ ಯೋಚನೆ ಬಂದು ವಾಪಸಾದೆ. ಅವರ ಪಾಲಿಸಿಯೂ ನನ್ನ ಕೈಲೇ ಮಾಡಿಸಿದ್ದು. ಆದರೆ ಆವತ್ತೇ ತೀರ್ಮಾನಿಸಿದೆ: ಆ ಕುಲುಮೆಯ ಜಾಗವನ್ನು ನಾನೇ ಹುಡುಕುತ್ತೇನೆ, ಅದರ ಮೇಲೆ ಈ ಮನುಷ್ಯನ ಹೆಸರು ಬೀಳಲು ಬಿಡುವುದಿಲ್ಲ.

ಮೊದಲು ಸಿಕ್ಕಿದ್ದು ಗಾಳಿಬೀಡಿನ ಒಂದು ದಿಬ್ಬ. ಮಣ್ಣಿನಲ್ಲಿ ಲೋಹ ಕಾಯಿಸಿದ ಕರಿ ಕಿಟ್ಟ ಬೇಕಾದಷ್ಟಿತ್ತು. ಕುಣಿದಾಡುವಷ್ಟರಲ್ಲಿ ಪಕ್ಕದ ಮನೆಯವರು, ಅಲ್ಲಿ ಎರೆಯುತ್ತಿದ್ದದ್ದು ದನದ ಕೊರಳ ಗಂಟೆ ಎಂದು ಹೇಳಿ, ಒಂದನ್ನು ತಂದು ಕಿವಿಯ ಹತ್ತಿರವೇ ಅಲ್ಲಾಡಿಸಿದರು.

ಆಮೇಲೆ ಪೊನ್ನಂಪೇಟೆಯಲ್ಲಿ ನನ್ನ ಹಳೆಯ ಪಾಲಿಸಿದಾರರಾದ ಒಬ್ಬ ಅಜ್ಜಿ, ಮಾಕುಟ್ಟದ ದಾರಿಯಾಗಿ ಕೇರಳದಿಂದ ಘಟ್ಟ ಹತ್ತಿ ಬಂದ ಕಂಚುಗಾರರು ತಮ್ಮ ಮನೆಯ ಹಿಂದೆಯೇ ಇದ್ದರೆಂದೂ, ಚಿಕ್ಕವರಿದ್ದಾಗ ತಾವು ಅಲ್ಲಿ ಕಾಲು ಸುಟ್ಟುಕೊಂಡದ್ದುಂಟೆಂದೂ ಹೇಳಿದರು. ಅಲ್ಲಿ ಈಗ ಕಾರು ತೊಳೆಯುವ ಸರ್ವಿಸ್ ಸ್ಟೇಷನ್. ಅಂಗಳ ಇನ್ನೂ ಮಣ್ಣಿನದೇ. ನನ್ನ ಕಾರು ಹುಟ್ಟಿದ ಮೇಲೆ ಅಷ್ಟು ಸ್ನಾನ ಕಂಡಿರಲಿಲ್ಲ. ತೊಳೆಯುವಾಗೆಲ್ಲ ನಾನು ಬಗ್ಗಿ ಮಣ್ಣು ಕೆದಕುತ್ತಿದ್ದೆ. ಹೆಂಡತಿಗೆ ಅನುಮಾನ ಬಂತು.

“ಇಷ್ಟು ತೊಳೆಸಿ ಯಾರನ್ನು ಕೂರಿಸ್ಲಿಕ್ಕೆ ಹೊರಟದ್ದು ನೀವು?” ಎಂದಳು.

ಕೊಳಕು ನೀರು ಹೋಗಲೆಂದು ಸ್ಟೇಷನ್ನಿನವರು ಅಂಗಳದ ಮೂಲೆಯಲ್ಲಿ ಚರಂಡಿ ತೋಡಿದ ದಿನ ಅದು ಸಿಕ್ಕಿತು: ಸರಿಯಾಗಿ ಎರಕವಾಗದೆ ಎಸೆದ ಅರ್ಧ ಬಿಲ್ಲೆ, ಲೋಹ ಹರಿದ ಕಾಲುವೆಯ ತುಂಡು ಬಾಲದ ಹಾಗೆ ಅಂಟಿಕೊಂಡೇ ಇತ್ತು. ತಿರುಗಿಸಿದೆ. ಹೂವು. ಮುರಿದ ಎಸಳು.

ಯಾರಿಗೂ ಹೇಳಲಿಲ್ಲ. ಈ ಸಲ ಹೊಟ್ಟೆ ಸಹಕರಿಸಿತು.

ಕೆಲವು ದಿನದಲ್ಲೇ ಮೇಷ್ಟ್ರು ರಸ್ತೆಯಲ್ಲಿ ಅಡ್ಡ ಹಾಕಿ, ಕುಲುಮೆಯ ಸುಳಿವೇನಾದರೂ ಉಂಟಾ ಎಂದು ಕೇಳಿದರು. ಗಾಳಿಬೀಡಿನ ದಿಬ್ಬದ ದಾರಿ ಹೇಳಿದೆ. ಕಿಟ್ಟದ ರಾಶಿಯನ್ನು ಬಣ್ಣಿಸಿದೆ. ಗಂಟೆಯ ವಿಷಯ ಬಿಟ್ಟೆ. ಜೀವನದಲ್ಲಿ ಮೊದಲ ಬಾರಿಗೆ, ಮುಂದೇನಾದೀತೋ ಎಂದು ಹೆದರದೆ ಗೊರಕೆ ಹೊಡೆದು ಮಲಗಿದೆ.

ಅವರು ದಿಬ್ಬಕ್ಕೆ ಬೋರ್ಡನ್ನೇ ಹಾಕಿಸಿದರು. ‘ಎಸ್ಟೇಟ್ ನಾಣ್ಯಗಳ ಟಂಕಸಾಲೆ’. ಶಾಮಿಯಾನ, ಮೈಕು, ಉಪ್ಪಿಟ್ಟು. ಅರ್ಧ ಬಿಲ್ಲೆಯನ್ನು ಕರವಸ್ತ್ರದಲ್ಲಿ ಸುತ್ತಿ ಕಿಸೆಗೆ ಹಾಕಿಕೊಂಡು ನಾನೂ ಹೋದೆ. ಭಾಷಣ ಮುಗಿದ ಮೇಲೆ ಎದ್ದು ನಿಲ್ಲುವುದು, ಗಂಟೆಯ ಕಥೆ ಹೇಳುವುದು, ಆಮೇಲೆ ಕರವಸ್ತ್ರ ಬಿಚ್ಚುವುದು. ಬಚ್ಚಲಿನಲ್ಲಿ ಹಲವು ಸಲ ಅಭ್ಯಾಸ ಮಾಡಿದ್ದೆ.

ಅಷ್ಟರಲ್ಲಿ ಮೈಕಿನಲ್ಲಿ ನನ್ನ ಹೆಸರು ಕೇಳಿಸಿತು. ಕೈ ಹಿಡಿದು ವೇದಿಕೆಗೆ ಎಳೆದುಕೊಂಡು ಹೋದರು. ಮೇಷ್ಟ್ರೇ ನನಗೆ ಶಾಲು ಹೊದಿಸಿ, ತಲೆಗೆ ಪೇಟ ಇಟ್ಟರು. ಅದು ಕಣ್ಣಿನವರೆಗೆ ಇಳಿಯಿತು.

“ಈ ಜಾಗ ನನಗೆ ತೋರಿಸಿದ್ದು ಇವ್ರೇ,” ಎಂದರು ಮೈಕಿಗೆ. “ನಾಳೆ ಯಾರಿಗಾದ್ರೂ ಅನುಮಾನ ಬಂದ್ರೆ ನನ್ನ ಹತ್ರ ಬರ್ಬೇಡಿ ಮಾರಾಯ್ರೇ, ಸೀದಾ ಇವ್ರ ಹತ್ರ ಹೋಗಿ.”

ಜನ ನಕ್ಕು ಚಪ್ಪಾಳೆ ತಟ್ಟಿದರು. ಮೇಷ್ಟ್ರು ನನ್ನ ಭುಜ ಒತ್ತಿದರು, ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ. ಗೆದ್ದರೆ ಹೆಸರು ಅವರದು, ತಪ್ಪಿದರೆ ತಲೆ ನನ್ನದು. ಈಗ ಕರವಸ್ತ್ರ ಬಿಚ್ಚಿದರೆ, ಬೇಕೆಂದೇ ತಪ್ಪು ಜಾಗ ತೋರಿಸಿ ಶಾಲು ಹೊದ್ದವನು ನಾನಾಗುತ್ತಿದ್ದೆ. ಪೇಟದೊಳಗಿಂದಲೇ ಕೈ ಮುಗಿದೆ. ಉಪ್ಪಿಟ್ಟಿಗೆ ಉಪ್ಪು ಸಾಲದೆಂದು ನಾಲ್ಕು ಜನರ ಹತ್ತಿರ ಹೇಳಿದ್ದೊಂದೇ ಆ ದಿನ ನನ್ನಿಂದಾದ ಸೇಡು.

ಮರುದಿನ ಬೆಳಿಗ್ಗೆ ಪೊನ್ನಂಪೇಟೆಗೆ ಹೋದರೆ ಸರ್ವಿಸ್ ಸ್ಟೇಷನ್ ಅಂಗಳಕ್ಕೆ ಕಾಂಕ್ರೀಟು ಹಾಕುತ್ತಿದ್ದರು. ಚರಂಡಿಯ ಮೂಲೆ ಮಾತ್ರ ಬಾಕಿ. ಮಾಲೀಕರು ಘಟ್ಟದಾಚೆಯ ಮಲಯಾಳಿ. ನಾನು ಅಲ್ಲಿ ಬಗ್ಗುವುದನ್ನು ಇಷ್ಟು ದಿನ ನೋಡಿಯೂ ಏನೂ ಕೇಳದಿದ್ದವರು ಈಗ ಕೇಳಿದರು.

“ಸಾರ್, ನಿಮ್ದೇನೋ ಆ ಮೂಲೆಯಲ್ಲಿ ಉಂಟಲ್ಲಾ? ಬೇಕಿದ್ರೆ ಅಷ್ಟು ಬಿಡ್ತೇನೆ.”

ಬಿಡಿ ಎಂದರೆ ಯಾಕೆಂದು ಹೇಳಬೇಕು. ಹೇಳಿದರೆ ಮಾತು ಸಂತೆ ಸೇರುತ್ತದೆ, ಸಂಜೆಯೊಳಗೆ ಮೇಷ್ಟ್ರು ಇನ್ನೊಂದು ಬೋರ್ಡು ಹಿಡಿದು ಬರುತ್ತಾರೆ, ನನಗೆ ಇನ್ನೊಂದು ಪೇಟ. ಆ ಮಣ್ಣಿನಡಿ ಇನ್ನೂ ಏನೇನಿದೆಯೋ ಎಂದು ಮೂಲೆಯನ್ನು ಇನ್ನೊಮ್ಮೆ ನೋಡಿದೆ.

“ಏನಿಲ್ಲ,” ಎಂದೆ. “ಹಾಕಿಬಿಡಿ. ದಪ್ಪ ಹಾಕಿ.”

ನೀರು ಸಾಲದೆಂದಾಗ ನಾನೇ ಪೈಪು ಹಿಡಿದೆ.

ಮುಂದಿನ ತಿಂಗಳು ಮೇಷ್ಟ್ರು ಒಳ್ಳೆಯ ಸರ್ವಿಸ್ ಸ್ಟೇಷನ್ ಯಾವುದೆಂದು ಕೇಳಿದಾಗ ಸಂತೋಷದಿಂದ ವಿಳಾಸ ಕೊಟ್ಟೆ. ಈಗ ಅವರ ಕಾರೂ ಅಲ್ಲೇ. ಆ ಮೂಲೆಯಲ್ಲಿ ನೆರಳಿರುವುದರಿಂದ ಸರಿಯಾಗಿ ಅಲ್ಲೇ ನಿಂತು, ಚಕ್ರ ಸರಿಯಾಗಿ ತೊಳೆದಿಲ್ಲ ಎಂದು ಗೊಣಗುತ್ತಾರೆ. ನಾನು ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತಾ ನೋಡುತ್ತೇನೆ. ಅಂಥ ಚಹಾ ಈ ತಾಲ್ಲೂಕಿನಲ್ಲೇ ಬೇರೆಲ್ಲೂ ಸಿಕ್ಕದು.

ಇದನ್ನು ಅವರು ಓದುತ್ತಾರೆ, ನನಗೆ ಗೊತ್ತು. ಓದಿ ನನ್ನ ಮೇಲೆ ಕೇಸು ಹಾಕಬಹುದು, ಪಾಲಿಸಿ ಬೇರೆಯವರಿಗೆ ಕೊಡಬಹುದು. ಎರಡನ್ನೂ ಯೋಚಿಸಿ ನಿದ್ದೆ ಕೆಟ್ಟದ್ದುಂಟು. ಆದರೂ ಬರೆದೆ. ಮೇಷ್ಟ್ರೇ, ಜಾಗ ಬೇಕಾದರೆ ಕಾಂಕ್ರೀಟು ಒಡೆಸಿ. ಅದಕ್ಕೆ ಮೊದಲು ಗಾಳಿಬೀಡಿಗೆ ಹೋಗಿ, ಎಲ್ಲರ ಎದುರು, ನಿಮ್ಮ ಕೈಯಾರೆ ಆ ಬೋರ್ಡು ಕೀಳಬೇಕಾಗುತ್ತದೆ.