ಕೆಂಪಾದ ಸ್ಟೇರಿಂಗ್ ಜಾಯಿಂಟ್

ಕೊರೊನಾ ಕಳೆದ ಮರುವರ್ಷದ ಮಾತು. ಚಿಕ್ಕೋಡಿಯಲ್ಲಿ ನಿಪ್ಪಾಣಿ ರಸ್ತೆಗೆ ನನ್ನ ಗ್ಯಾರೇಜು. ಆಗಲೇ ಇಪ್ಪತ್ತು ವರ್ಷ ಗಾಡಿಗಳ ಕೆಳಗೆ ಮಲಗಿ ಎದ್ದವನು ನಾನು. ಹೊಸ ಗಾಡಿಗಳು ಕಂಪನಿ ಶೋರೂಮಿಗೆ ಹೋಗುತ್ತವೆ, ಯಾರಿಗೂ ಬೇಡವಾದ ಹಳೆಯವು ನನ್ನ ಹತ್ತಿರ ಬರುತ್ತವೆ. ನನಗೂ ಅವೇ ಇಷ್ಟ.

ದ್ರಾಕ್ಷಿಗೆ ಔಷಧಿ ಹೊಡೆಯುವ ಹಂಗಾಮು. ಒಂದು ಬೆಳಿಗ್ಗೆ ಹದಿನೆಂಟು ವರ್ಷದ ಹಳೆಯ ಬಿಳಿ ಕಾರೊಂದು ಬಂದು ನಿಂತಿತು. ಓಡಿಸಿಕೊಂಡು ಬಂದವರು ಸುವರ್ಣಾ ಅಕ್ಕ. ತವರು ನಮ್ಮ ಚಿಕ್ಕೋಡಿ, ಕೊಟ್ಟದ್ದು ಕಾಗವಾಡದ ಕಡೆಯ ಹಳ್ಳಿಗೆ. ಗಂಡನಿಗೆ ಸಕ್ಕರೆ ಕಾರ್ಖಾನೆಯಲ್ಲಿ ನೌಕರಿ, ಹಾಗಾಗಿ ದ್ರಾಕ್ಷಿ ತೋಟ ಪೂರ್ತಿ ಇವರದೇ ಜವಾಬ್ದಾರಿ. ಪಕ್ಕದ ಸೀಟಿನಿಂದ ಇಳಿದವನು ಮೈದುನ ರಾವಸಾಬ. ಬಾಗಿಲು ಹಾಕುವ ಮೊದಲೇ ಅವನ ಬಾಯಿ ತೆರೆಯಿತು.

"ಗಾಡಿಗೆ ಏನೂ ಆಗಿಲ್ರಿ. ವೈನಿಗೆ ಸ್ಟೇರಿಂಗ್ ಹಿಡ್ಯಾಕ ಬರೂದಿಲ್ಲ, ಅಷ್ಟ."

ನಮ್ಮ ಕಡೆ ಅತ್ತಿಗೆಗೆ ವೈನಿ ಅನ್ನುತ್ತೇವೆ. ವೈನಿ ಅವನ ಕಡೆ ನೋಡಲೂ ಇಲ್ಲ.

"ಅಣ್ಣಾರ, ಸ್ಟೇರಿಂಗ್ ಹೊಳ್ಳಿಸುವಾಗ ಒಂದೊಂದ್ ಕಡೆ ಗಚ್ಚಂತ ಹಿಡೀತೈತಿ. ಜೋರ್ ಮಾಡಿದ್ರ ಒಮ್ಮೆಲೆ ಬಿಡತೈತಿ. ಮೊನ್ನೆ ಅಥಣಿ ರೋಡಿನ್ಯಾಗ ಕಬ್ಬಿನ ಟ್ರೇಲರಿಗೆ ಹೋಗಿ ಬಡೀತಿದ್ದೆ. ಮೂರು ಗ್ಯಾರೇಜ್ ಆತು. ಟೈ ರಾಡ್ ಹಾಕಿದ್ರು, ಅಲೈನ್‌ಮೆಂಟ್ ಮಾಡಿದ್ರು, ಸ್ಟೇರಿಂಗ್ ಬಾಕ್ಸೂ ಹೊಸಾದು ಹಾಕಿದ್ರು. ಹಿಡಿಯೂದು ಹಿಡೀತೈತಿ."

"ಸೋಮವಾರ ಗಿರಾಕಿ ಬರತಾನ್ರಿ," ಎಂದ ರಾವಸಾಬ. "ಗಾಡಿ ಮಾರಿ ಕೈ ತೊಳಕೊಂಡ್ರ ಮುಗೀತು. ತ್ವಾಟಕ್ಕ ನಾನ ಬೈಕಿನ್ಯಾಗ ಬಿಟ್ಟ ಬರತೀನಿ."

ಅಕ್ಕನ ಮುಖ ನೋಡಿದೆ. ವಿಷಯ ಕಾರಿನದಲ್ಲ ಎಂದು ಅರ್ಥವಾಯಿತು. ಕಾರು ಹೋದರೆ ತೋಟಕ್ಕೆ ಹೋಗಬೇಕಾದಾಗಲೆಲ್ಲ ಮೈದುನನ ಬಿಡುವು ಕೇಳಬೇಕು. ಅವನಿಗೆ ಬಿಡುವಿಲ್ಲದ ದಿನ ತೋಟಕ್ಕೆ ರೋಗ ಬಿದ್ದರೆ ಒಂದು ವರ್ಷದ ಬೆಳೆ ಹೋಗುತ್ತದೆ. ಅಂದು ಶುಕ್ರವಾರ.

"ಗಾಡಿ ಇಲ್ಲೇ ಬಿಡ್ರಿ. ಕೈಯಾಗ ದೋಷ ಐತೋ, ಗಾಡಿಯಾಗ ಐತೋ, ನಾಳೆ ಹೇಳ್ತೀನಿ," ಎಂದೆ.

ಮೊದಲು ನಾನೇ ಒಂದು ಸುತ್ತು ಓಡಿಸಿದೆ. ಅಕ್ಕ ಹೇಳಿದ್ದು ಅಕ್ಷರಶಃ ನಿಜ. ಸ್ಟೇರಿಂಗ್ ಒಂದು ಪೂರ್ತಿ ಸುತ್ತು ತಿರುಗುವಷ್ಟರಲ್ಲಿ ಎರಡು ಕಡೆ ಬಿಗಿ, ಎರಡು ಕಡೆ ಸಡಿಲ. ಬಿಗಿ ಬರುವ ಜಾಗವೂ ಪ್ರತಿ ಸಲ ಅದೇ. ಕೈಯ ತಪ್ಪಾಗಿದ್ದರೆ ಇಷ್ಟು ಶಿಸ್ತಾಗಿ ಬರುವುದಿಲ್ಲ. ಅರ್ಧ ಅನುಮಾನ ಅಲ್ಲೇ ಪರಿಹಾರ.

ಜಾಕಿ ಕೊಟ್ಟು ಮುಂದಿನ ಎರಡೂ ಗಾಲಿ ನೆಲದಿಂದ ಎತ್ತಿದೆ. ಭಾರ ತೆಗೆದರೂ ಹಿಡಿಯುವುದು ನಿಲ್ಲಲಿಲ್ಲ, ಅಂದರೆ ಟೈರಿನ ಕಥೆ ಅಲ್ಲ. ಆಮೇಲೆ ಪೆಡಲ್‌ಗಳ ಹತ್ತಿರ ತಲೆ ತೂರಿಸಿದೆ. ಸ್ಟೇರಿಂಗ್ ಚಕ್ರದಿಂದ ಕೆಳಗಿಳಿಯುವ ರಾಡಿಗೆ ಕಾಲಮ್ ಅನ್ನುತ್ತಾರೆ. ಅದು ಕೆಳಗಿನ ಸ್ಟೇರಿಂಗ್ ಬಾಕ್ಸನ್ನು ಸೇರುವಲ್ಲಿ ಒಂದು ಜಾಯಿಂಟ್ ಇದೆ. ನಮ್ಮ ಮೊಣಕೈ ಇದ್ದ ಹಾಗೆ. ರಾಡು ಓರೆಯಾಗಿದ್ದರೂ ತಿರುಗುವುದನ್ನು ಮುಂದಕ್ಕೆ ದಾಟಿಸುತ್ತದೆ. ಬಿಚ್ಚುವ ಮೊದಲು ಎರಡೂ ಕಡೆ ಪೇಂಟಿನಿಂದ ಗೆರೆ ಎಳೆದುಕೊಂಡೆ. ಗೆರೆ ತಪ್ಪಿ ಕೂರಿಸಿದರೆ ಗಾಡಿ ನೇರ ಹೋಗುವಾಗ ಸ್ಟೇರಿಂಗ್ ಸೊಟ್ಟ ನಿಲ್ಲುತ್ತದೆ.

ಬಿಚ್ಚಿದ ಮೇಲೆ ಕೆಳಗಿನ ಬಾಕ್ಸನ್ನು ಬೆರಳಿನಿಂದ ತಿರುಗಿಸಿದೆ: ಬೆಣ್ಣೆ. ಮೇಲೆ ಚಕ್ರ ತಿರುಗಿಸಿದೆ: ಅದೂ ಸಲೀಸು. ಉಳಿದದ್ದು ಮಧ್ಯದ ಜಾಯಿಂಟ್. ಅದನ್ನು ಕೈಯಲ್ಲಿ ಹಿಡಿದು ಮಡಚಿದರೆ ಒಂದು ದಿಕ್ಕಿಗೆ ಬಾಗಿತು, ಇನ್ನೊಂದು ದಿಕ್ಕಿಗೆ ಹೊರಳದೆ ಕಟ್ಟಿಗೆಯಂತೆ ನಿಂತಿತು. ಸಿಕ್ಕಿಬಿದ್ದ ಕಳ್ಳ! ಖುಷಿಗೆ ತಲೆ ಎತ್ತಿದೆ, ಡ್ಯಾಶ್‌ಬೋರ್ಡಿಗೆ ಬಡಿದುಕೊಂಡೆ.

ಇಂಥ ಜಾಯಿಂಟಿಗೆ ಎಣ್ಣೆ ಬಿಟ್ಟು, ಸುತ್ತಿಗೆಯಲ್ಲಿ ನಾಲ್ಕು ಹೊಡೆದು ಸಡಿಲ ಮಾಡಿ ಕಳಿಸುವವರಿದ್ದಾರೆ. ನಾನು ಮಾಡುವುದಿಲ್ಲ. ಬ್ರೇಕು ಮತ್ತು ಸ್ಟೇರಿಂಗ್ ವಿಷಯದಲ್ಲಿ ಜುಗಾಡ್ ಮಾಡುವವನು ಮೆಕ್ಯಾನಿಕ್ ಅಲ್ಲ, ಯಮನ ಏಜೆಂಟ್. ಕೊಲ್ಹಾಪುರದ ಅಂಗಡಿಗೆ ಫೋನ್ ಮಾಡಿದೆ. ಶನಿವಾರ ಬೆಳಿಗ್ಗೆ ಹೊಸ ಜಾಯಿಂಟ್ ಬಸ್ಸಿನಲ್ಲಿ ಬಂತು.

ಆದರೆ ಒಂದು ಮುಳ್ಳು ಚುಚ್ಚುತ್ತಲೇ ಇತ್ತು. ಈ ಜಾಯಿಂಟ್ ಇರುವುದು ಕಾರಿನ ಒಳಗೆ, ಮ್ಯಾಟಿನ ಪಕ್ಕ. ಮಳೆ ಬೀಳದ ಜಾಗ. ಅದು ಹೇಗೆ ಹಿಡಿಯಿತು? ಮೇಲಿನ ಬಣ್ಣವೂ ವಿಚಿತ್ರ. ತುಕ್ಕಿನ ಕಂದು ಅಲ್ಲ, ಹೊಸ ತಾಮ್ರದ ತಂಬಿಗೆಯಂಥ ಕೆಂಪು. ಸಂದಿಯಲ್ಲಿ ಹಸಿರು ಪುಡಿ. ಇಷ್ಟು ವರ್ಷದಲ್ಲಿ ಕಬ್ಬಿಣ ಈ ಬಣ್ಣಕ್ಕೆ ತಿರುಗಿದ್ದನ್ನು ನಾನು ಕಂಡಿರಲಿಲ್ಲ. ಕಾರಣ ಗೊತ್ತಾಗದೆ ಹೊಸದನ್ನು ಹಾಕಿದರೆ ಮುಂದಿನ ವರ್ಷ ಅದೂ ಹೀಗೇ ಸಾಯುತ್ತದೆ.

ಮಧ್ಯಾಹ್ನ ಇಬ್ಬರೂ ಬಂದರು. ರಾವಸಾಬ ಬಂದವನೇ, "ಏನ್ರಿ, ಕೈಯಾಗ ದೋಷ ಐತೇನು?" ಎಂದು ನಕ್ಕ. ನಾನು ಹಳೆಯ ಜಾಯಿಂಟನ್ನು ಅಕ್ಕನ ಕೈಗಿಟ್ಟೆ.

"ಕೆಟ್ಟದ್ದು ಇದ ನೋಡ್ರಿ ಅಕ್ಕಾರ. ಆದ್ರ ಇಷ್ಟ್ ಕೆಂಪ್ ಯಾಕಾಗೇತಿ ಅನ್ನೂದ ನನಗ ತಿಳೀವಲ್ದು."

ಅಕ್ಕ ಹೆಬ್ಬೆರಳಿನಿಂದ ಒಮ್ಮೆ ಉಜ್ಜಿದರು. ಕಣ್ಣು ದೊಡ್ಡದಾಯಿತು.

"ಇದು ಕುಡಗೋಲಿನ ಕೆಂಪಲ್ಲೇನ್ರಿ!"

ನನಗೆ ತಿಳಿಯಲಿಲ್ಲ. ಅವರೇ ಬಿಡಿಸಿ ಹೇಳಿದರು. ದ್ರಾಕ್ಷಿಗೆ ಹೊಡೆಯುವ ಔಷಧಿಗೆ ಮೈಲುತುತ್ತ ಎಂಬ ತಾಮ್ರದ ನೀಲಿ ಉಪ್ಪಿನ ನೀರು, ಸುಣ್ಣದ ನೀರು ಎರಡನ್ನೂ ಕೂಡಿಸುತ್ತಾರೆ. ಸುಣ್ಣ ಸಾಕಾಯಿತೋ ಇಲ್ಲವೋ ನೋಡಲು ಅದರಲ್ಲಿ ಒಂದು ಕುಡಗೋಲು ಅದ್ದುತ್ತಾರೆ. ಕಬ್ಬಿಣದ ಮೇಲೆ ತಾಮ್ರ ಕೂತು ಕೆಂಪಾದರೆ ಇನ್ನೂ ಸುಣ್ಣ ಬೇಕು ಎಂದರ್ಥ. ಬರೀ ಮೈಲುತುತ್ತದ ನೀರು ಕಬ್ಬಿಣವನ್ನು ತಿನ್ನುತ್ತದೆ. ಅದಕ್ಕೇ ಅದನ್ನು ಯಾವ ರೈತನೂ ಕಬ್ಬಿಣದ ಬ್ಯಾರಲ್ಲಿನಲ್ಲಿ ಕಲಸುವುದಿಲ್ಲ, ಪ್ಲಾಸ್ಟಿಕ್ಕೇ ಬೇಕು.

"ಮೈಲುತುತ್ತ ಕಾರಿನ್ಯಾಗ ಹೆಂಗ ಬಂತ್ರಿ?" ಎಂದೆ.

ಅಕ್ಕ ಕಾರಿನ ಬಾಗಿಲು ತೆಗೆದರು. ಡ್ರೈವರ್ ಸೀಟಿನ ಕೆಳಗಿನ ಮ್ಯಾಟನ್ನು ಎರಡೂ ಕೈಯಿಂದ ಎಳೆದು ಎತ್ತಿದರು. ಸೀಟಿನ ಹಿಂದಿನಿಂದ ಪೆಡಲ್‌ವರೆಗೆ ನೀಲಿ ಕಲೆ, ಕಾಲುವೆ ಹರಿದ ಹಾಗೆ. ಬ್ರೇಕ್ ಹಾಕಿದಾಗಲೆಲ್ಲ ನೀರು ಮುಂದೆ ಓಡಿ ಜಾಯಿಂಟಿನ ಬುಡ ಸೇರಿತ್ತು.

"ರಾವಸಾಬ, ಮೈಲುತುತ್ತ ರಾತ್ರಿ ಮನ್ಯಾಗ ನೆನಿ ಹಾಕಿ, ಮುಂಜಾನೆ ಕ್ಯಾನ್ ತಂದು ನನ್ನ ಸೀಟಿನ ಹಿಂದ ಇಡಾಂವ ಯಾರು?"

ರಾವಸಾಬ ಆಕಾಶ ನೋಡಿದ. ನಮ್ಮ ಗ್ಯಾರೇಜಿನ ಮೇಲೆ ತಗಡು ಬಿಟ್ಟು ಬೇರೇನೂ ಇಲ್ಲ.

"ಪ್ಲಾಸ್ಟಿಕ್ ಕ್ಯಾನ್ ಐತ್ರಿ ಅದು," ಎಂದ.

"ಕ್ಯಾನ್ ಪ್ಲಾಸ್ಟಿಕ್ಕ. ಮುಚ್ಚಳ ಸೀಳೇತಿ ಅಂತ ಹ್ವಾದ ವರ್ಷನ ಹೇಳಿದ್ದೆ. ಕಾರ್ ಯಾವುದರದು? ಅದೂ ಪ್ಲಾಸ್ಟಿಕ್ಕೇನು?"

ನಾನು ನಗು ತಡೆಯಲು ಬೋಲ್ಟ್ ಬಿಚ್ಚುವ ಪಾನಾ ಹುಡುಕುವ ನಾಟಕ ಮಾಡಿದೆ.

ನೆಲವನ್ನು ತೊಳೆದು ಒಣಗಿಸಿದೆ. ಕಾಲಮ್ ಇಳಿಯುವ ತೂತಿಗೆ ಹೊಸ ರಬ್ಬರ್ ಹಾಕಿದೆ. ಗೆರೆಗೆ ಗೆರೆ ಕೂಡಿಸಿ ಹೊಸ ಜಾಯಿಂಟ್ ಕೂರಿಸಿ, ಹೊಸ ಬೋಲ್ಟ್ ಬಿಗಿ ಮಾಡಿ, ನಾನೊಂದು ಸುತ್ತು ಓಡಿಸಿ ನೋಡಿದೆ. ಆಮೇಲೆ ಕೀಲಿಯನ್ನು ಅಕ್ಕನ ಕೈಗೆ ಕೊಟ್ಟೆ. "ನೀವ ನಡಸ್ರಿ," ಎಂದು ಹಿಂದೆ ಕೂತೆ. ರಾವಸಾಬ ಮುಂದೆ ಕೂತು ಬಾಗಿಲಿನ ಹಿಡಿಕೆಯನ್ನು ಗಟ್ಟಿ ಹಿಡಿದ.

ಪೇಟೆ ದಾಟಿ ತಿರುಗುವ ಜಾಗಕ್ಕೆ ಬಂದರೆ ಎಡಕ್ಕೆ ಕಬ್ಬಿನ ಟ್ರ್ಯಾಕ್ಟರ್, ಬಲಕ್ಕೆ ಇನ್ನೊಂದು. ಎರಡರ ನಡುವೆ ಒಂದು ಕಾರು ಹೊರಳುವಷ್ಟೇ ಜಾಗ. "ವೈನಿ, ಸಾವಕಾಶ, ನಾ ಇಳದ ತೋರಸತೀನಿ ತಡೀರಿ," ಎನ್ನುತ್ತಲೇ ಇದ್ದ ರಾವಸಾಬ. ಅವನ ಮಾತು ಮುಗಿಯುವಷ್ಟರಲ್ಲಿ ಅಕ್ಕ ಸ್ಟೇರಿಂಗನ್ನು ಪೂರ್ತಿ ತಿರುಗಿಸಿ, ಒಂದೇ ಏಟಿಗೆ ಗಾಡಿಯನ್ನು ಹೊರಳಿಸಿಯಾಗಿತ್ತು. ಟ್ರ್ಯಾಕ್ಟರಿನವನು ಬಾಯಿಂದ ಸೀಟಿ ಹೊಡೆದ. ಅಕ್ಕ ಕೈ ಸಡಿಲ ಬಿಟ್ಟರು. ಸ್ಟೇರಿಂಗ್ ತಾನೇ ಮೆಲ್ಲಗೆ ನೇರಕ್ಕೆ ಬಂದು ನಿಂತಿತು.

"ಸೋಮವಾರ ಬರೂ ಗಿರಾಕಿಗೆ ಏನ್ ಹೇಳ್ತಿ?" ಎಂದರು ರಸ್ತೆಯ ಮೇಲಿನ ಕಣ್ಣು ತೆಗೆಯದೆ.

"ಬರಬ್ಯಾಡ ಅಂತ ಈಗ ಫೋನ್ ಹಚ್ಚತೀನ್ರಿ ವೈನಿ."

ಹಚ್ಚಿದ. ನಮ್ಮೆದುರಿಗೇ.

ಅಂದಿನಿಂದ ನಾನು ಗಿರಾಕಿಗೆ "ಗಾಡಿಗೆ ಏನಾಗಿದೆ" ಎಂದು ಕೇಳುವ ಮೊದಲು "ಗಾಡಿಯಲ್ಲಿ ಏನೇನು ಒಯ್ಯುತ್ತೀರಿ" ಎಂದು ಕೇಳುತ್ತೇನೆ. ಯಾವ ಭಾಗ ಕೆಟ್ಟಿದೆ ಎಂದು ಪಾನಾ ಹೇಳುತ್ತದೆ. ಯಾಕೆ ಕೆಟ್ಟಿತು ಎನ್ನುವುದನ್ನು ಓಡಿಸುವವರ ಬಾಯಿಂದಲೇ ಕೇಳಬೇಕು, ಅದಕ್ಕೆ ಅವರನ್ನು ಬೈಯುವುದನ್ನು ಸ್ವಲ್ಪ ಹೊತ್ತು ನಿಲ್ಲಿಸಬೇಕು.

ಕಾರು ಈಗಲೂ ಓಡುತ್ತಿದೆ. ಹಳೆಯ ಜಾಯಿಂಟನ್ನು ಅಕ್ಕ ಕೇಳಿ ಪಡೆದು ಒಯ್ದು ತೋಟದ ಪಂಪಿನ ಮನೆಯಲ್ಲಿ ಕುಡಗೋಲಿನ ಪಕ್ಕಕ್ಕೆ ತೂಗು ಹಾಕಿದ್ದಾರೆ. ಮರುವರ್ಷದ ಹಂಗಾಮಿಗೆ ರಾವಸಾಬನ ಫೋನ್ ಬಂತು.

"ಅಣ್ಣಾರ, ನಿಮ್ಮಿಂದ ಭಾಳ ತ್ರಾಸ ಆಗೇತಿ ನೋಡ್ರಿ. ವೈನಿ ಕ್ಯಾನ್ ಕಾರಿನ್ಯಾಗ ಇಡಾಕ ಬಿಡವಲ್ರು, ಟ್ರ್ಯಾಕ್ಟರಿನ್ಯಾಗೂ ಬಿಡವಲ್ರು. ತ್ವಾಟಕ್ಕ ಹೊತಗೊಂಡ ಹೊಂಟೀನಿ."

ಫೋನಿನಲ್ಲಿ ಅವನ ಹಿಂದಿನಿಂದ ಅಕ್ಕನ ಕಾರಿನ ಹಾರ್ನ್ ಕೇಳಿಸಿತು. ದಾರಿ ಬಿಡು ಎಂದು.