ಬೇವೂರಿಗೆ ಹೋಗದ ಸೀಸೆ

ಪ್ರಾಣಿ ಎಂದು ನನ್ನ ಕೈಗಿಟ್ಟದ್ದಕ್ಕೆ ಕಣ್ಣಿರಲಿಲ್ಲ, ಬಾಯಿರಲಿಲ್ಲ, ಮೈತುಂಬ ತೂತು. ಎಂಬತ್ತರ ದಶಕದ ಆರಂಭ, ಗೋವಾದ ಪ್ರಯೋಗಾಲಯದಲ್ಲಿ ಅದು ನನ್ನ ಮೊದಲ ದಿನ. ಸಮುದ್ರದಡಿಯ ಬಂಡೆಗೆ ಅಂಟಿಕೊಂಡು ಬದುಕುವ ಸ್ಪಂಜು ಅದು. ಓಡಿಹೋಗಲಾಗದ ಪ್ರಾಣಿಯಾದ್ದರಿಂದ ತಿನ್ನಬಂದವರಿಗಾಗಿ ಮೈಯಲ್ಲೇ ವಿಷ ಇಟ್ಟುಕೊಂಡಿರುತ್ತದೆ. ಆ ವಿಷದಲ್ಲಿ ಔಷಧಿ ಹುಡುಕುವುದು ನಮ್ಮ ಕೆಲಸ. ಹಳ್ಳದಲ್ಲೂ ಮಳೆಗಾಲಕ್ಕಷ್ಟೇ ನೀರು ಕಂಡ ಬೇವೂರಿನವಳಾದ ನನಗೆ ಇದನ್ನೆಲ್ಲ ನಂಬಲು ತಿಂಗಳುಗಳೇ ಬೇಕಾದವು.

ಬಾಡಿಗೆ ಮನೆಯ ಯಜಮಾನಿ ದಿನಾ "ನುಸ್ತೆಂ ನಾಕಾ?" ಎನ್ನುತ್ತಿದ್ದಳು. ಮೀನು ಬೇಡವೇ ಎಂದರ್ಥ. ಬೇಡವೆಂದರೆ ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡುವಳು. ನಮ್ಮಲ್ಲಿ ರೊಟ್ಟಿ ಬಡಿಯುವ ಸದ್ದಿಗೇ ಹಸಿವಾಗುತ್ತದೆ. ಇಲ್ಲಿ ಕುಚ್ಚಲಕ್ಕಿ ಗಂಜಿಯ ಮುಂದೆ ಕೂತು ಅತ್ತಿದ್ದೇನೆ. ಮಾತಿಗೆ ಯಾರೂ ಇಲ್ಲದ್ದಕ್ಕೆ ಊರಿಗೆ ಉದ್ದುದ್ದ ಪತ್ರ ಬರೆಯುತ್ತಿದ್ದೆ. ಒಮ್ಮೆ ಜಂಬದಿಂದ ಬರೆದೆ: ನಮ್ಮ ಸ್ಪಂಜಿನಿಂದ ತೆಗೆದ ರಸಕ್ಕೆ ಗಾಜಿನ ತಟ್ಟೆಯಲ್ಲಿದ್ದ ಕ್ಯಾನ್ಸರ್ ಜೀವಕೋಶಗಳು ಸತ್ತವು. ಮರುವಾರ ಅದೇ ರಸಕ್ಕೆ ಇಲಿಗಳೂ ಸತ್ತವು. ಅದನ್ನು ಬರೆಯಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ಅಣ್ಣ ಬಂದಿಳಿದ. ಅವ್ವನ ಎದೆಯ ಗಂಟು ಒಡೆದು, ಹುಬ್ಬಳ್ಳಿಯ ವೈದ್ಯರು ಕೈಚೆಲ್ಲಿದ್ದರಂತೆ. ನನಗೆ ಗಂಟಿನ ಸುದ್ದಿಯನ್ನೇ ಯಾರೂ ತಿಳಿಸಿರಲಿಲ್ಲ.

"ನಿನ್ನ ಪತ್ರಾ ಓದಿದ ಮ್ಯಾಲೆ ಅವ್ವ ಎದ್ದು ಕುಂತಾಳ. ಒಂದು ಬಾಟ್ಲಿ ಕೊಡು, ಸಾಕು."

"ಅದಿನ್ನೂ ಔಷಧ ಅಲ್ಲಣ್ಣ, ವಿಷ ಐತಿ. ಇಲಿ ಸತ್ತಾವು."

"ಇಲಿಗೂ ಅವ್ವಗೂ ಒಂದ ಲೆಕ್ಕೇನು? ನಮ್ಮೂರಾಗ ಬೇರು ಕೊಡಾವ್ರು ವೈರಿ ಬಂದು ಕೇಳಿದ್ರೂ ಇಲ್ಲ ಅನ್ನಂಗಿಲ್ಲ."

ಅವನ ಮಾತು ನಿಜ. ಮದ್ದು ಬಲ್ಲವರು ಕೇಳಿದವರಿಗೆ ಇಲ್ಲವೆನ್ನುವುದು ನಮ್ಮಲ್ಲಿ ಪಾಪ. ಎದೆ ಗಟ್ಟಿ ಮಾಡಿಕೊಂಡು ಇಲ್ಲ ಎಂದೆ.

ಮರುದಿನ ಅವನು ಪ್ರಯೋಗಾಲಯ ನೋಡಬೇಕೆಂದ. ತೋರಿಸಿದೆ. ಊರಿಗೆ ಹೊರಟೆನೆಂದು ಅವನು ಹೋದ ಮೇಲೆ ಕಪಾಟು ನೋಡಿದರೆ ರಸದ ಸೀಸೆಯೊಂದು ಇಲ್ಲ. ಪಣಜಿಯ ಬಸ್ ನಿಲ್ದಾಣಕ್ಕೆ ಓಡಿದೆ. ಹುಬ್ಬಳ್ಳಿ ಬಸ್ಸಿನಲ್ಲಿ ಕೈಚೀಲ ಎದೆಗವಚಿಕೊಂಡು ಕೂತಿದ್ದ.

"ಕೊಡಣ್ಣ."

"ನೌಕರಿ ಹೋಗ್ತೈತಿ ಅಂತ ಅಂಜಾಕತ್ತೀಯೇನ?"

ಆ ಅಂಜಿಕೆಯೂ ಇತ್ತು, ಸುಳ್ಳು ಹೇಳಲಾರೆ. "ಒಂದು ಚಮಚ ಕುಡಿದ್ರ ಅವ್ವ ನಿನ್ನ ಕೈಯಾಗ ಸಾಯ್ತಾಳ" ಎಂದೆ. ಚಾಲಕ ಬಸ್ಸು ಚಾಲೂ ಮಾಡಿದ. ಚೀಲಕ್ಕೆ ಕೈಹಾಕಿ ಸೀಸೆ ಕಿತ್ತುಕೊಂಡೆ. ಅಣ್ಣ ತಡೆಯಲಿಲ್ಲ, ಮುಖ ಆಚೆ ತಿರುಗಿಸಿದ.

"ಹಂಗಾರ ನೀನ ಬಂದು ಹೇಳು ಆಕಿಗೆ."

ಸೀಸೆಯನ್ನು ಕಪಾಟಿಗಿಟ್ಟು, ರಜೆ ಕೇಳಿ ಮುಂದಿನ ಬಸ್ಸು ಹಿಡಿದೆ. ಅವ್ವ ಹೊರಸಿನ ಮೇಲೆ ಕೂತು ನನ್ನ ಮುಖವನ್ನಲ್ಲ, ಬರಿಗೈಯನ್ನು ನೋಡಿದಳು. ಪತ್ರದಲ್ಲಿ ಬರೆಯದ್ದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಮೆಲ್ಲಗೆ ಕೇಳಿದಳು: "ಇಲಿಗೆ ಕೊಟ್ಟಿ. ನನಗ್ಯಾಕ ಕೊಡ್ಲಿಲ್ಲ ಯವ್ವಾ?"

ಅವ್ವ ಯುಗಾದಿಗೆ ಮೊದಲೇ ಹೋದಳು. ಆ ರಸ ಇಂದಿಗೂ ಔಷಧವಾಗಿಲ್ಲ. ನಾನು ಮಾಡಿದ್ದು ಸರಿ ಎಂದು ಗೋವಾದ ಪ್ರಯೋಗಾಲಯದವರು ಹೇಳಿದರು. ಬೇವೂರಿನಲ್ಲಿ ತಪ್ಪು ಎಂದವರೂ ಇಲ್ಲ. ಹೋದಾಗೆಲ್ಲ ಅಣ್ಣ ಬಸ್ಸಿನ ಹತ್ತಿರ ಬಂದು ಚೀಲ ಹೊರುತ್ತಾನೆ, ಅತ್ತಿಗೆ ಬಿಸಿ ರೊಟ್ಟಿ ಹಾಕುತ್ತಾಳೆ, ಓಣಿಯವರೆಲ್ಲ ಬಂದು ಮಾತಾಡಿಸುತ್ತಾರೆ. ತಮ್ಮ ಮೈನೋವು ಮಾತ್ರ ಯಾರೂ ನನ್ನೆದುರು ಹೇಳುವುದಿಲ್ಲ.