ಎರಡು ಕಡ್ಡಿ ಸಿಗುವ ತಿರುವು

ಭಂಡಿಗಡಿಯ ವಿಘ್ನೇಶ್ವರ ಭಟ್ಟರ ಹೋಳಿಗೆ ಎಂದರೆ ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಮೂರೂ ತಾಲ್ಲೂಕು ಬಾಯಿ ಚಪ್ಪರಿಸುತ್ತದೆ. ಮನೆಯಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಕೊಪ್ಪಕ್ಕೆ ಹೋಗುವ ದಾರಿಯ ಒಂದು ಕಡಿದಾದ ತಿರುವಿನಲ್ಲಿ ಮಾತ್ರ ಎರಡು ಕಡ್ಡಿ ಏಳುತ್ತದೆ. ಅವರ ಓಮ್ನಿ ಅಲ್ಲಿಗೆ ಬಂದದ್ದೇ ತಡ, ಮದುವೆ, ಉಪನಯನ, ವೈಕುಂಠ ಸಮಾರಾಧನೆಗಳೆಲ್ಲ ಜೇಬಿನಲ್ಲಿ ಒಟ್ಟಿಗೇ ಬಡಿದುಕೊಳ್ಳುತ್ತವೆ. ಆಗ ಭಟ್ಟರ ಒಂದು ಕೈ ಸ್ಟೇರಿಂಗಿಗೆ, ಇನ್ನೊಂದು ಕಿವಿಗೆ. ಎದುರು ಗಾಡಿಯವನಿಗೆ ನಮಸ್ಕರಿಸಲು ಮೂರನೆಯ ಕೈ ಇಲ್ಲವಲ್ಲ, ಸ್ಟೇರಿಂಗಿನ ಮೇಲಿಂದ ಒಂದು ಬೆರಳೆತ್ತುತ್ತಾರೆ. ಅವನೂ ಫೋನಿನಲ್ಲೇ ಇದ್ದು ಒಂದು ಬೆರಳೆತ್ತುತ್ತಾನೆ. ನಮ್ಮ ಕಡೆ ಇದಕ್ಕೆ ಮರ್ಯಾದೆ ಎನ್ನುತ್ತೇವೆ.

"ನಿಲ್ಸಿ ಮಾತಾಡಿ ಮಾರಾಯ್ರೆ," ಎನ್ನುತ್ತಾರೆ ಹೆಂಡತಿ ಅನ್ನಪೂರ್ಣೇಶ್ವರಿ.

"ಇಲ್ಲಿ ನಿಲ್ಸಕ್ಕೆ ಜಾಗ ಎಲ್ಲಿದೆ? ಮುಂದೆ ಹೋದ್ರೆ ಸಿಗ್ನಲ್ ಹೋಗ್ತದೆ."

"ನಾವು ಹೋಗೋದಕ್ಕಿಂತ ಸಿಗ್ನಲ್ ಹೋಗೋದು ವಾಸಿ ಅಲ್ವಾ?"

ಮೊನ್ನೆ ಹಿರೇಕೊಡಿಗೆಯ ಉಪನಯನಕ್ಕೆ ಹೊರಟಿದ್ದರು. ರುಬ್ಬಿದ ಹೂರಣದ ಪಾತ್ರೆ ಅನ್ನಪೂರ್ಣೇಶ್ವರಿಯವರ ಮಡಿಲಲ್ಲಿತ್ತು. ತಿರುವಿನಲ್ಲಿ ಫೋನು ಬಂತು: ಮುಂದಿನ ವಾರದ ಹೋಳಿಗೆ ಕಾಯಿಯದೋ, ಬೇಳೆಯದೋ? "ಬೇಳೇದೇ ಮಾಡ್ವ," ಎನ್ನುವಷ್ಟರಲ್ಲಿ ದನವೊಂದು ಅಡ್ಡ ಬಂತು. ಒಂದೇ ಕೈಯಲ್ಲಿ ತಿರುಗಿಸಿದ ಓಮ್ನಿ ಚರಂಡಿಗಿಳಿದು ವಾಲಿಕೊಂಡಿತು. ದನ ಸ್ವಲ್ಪ ಹೊತ್ತು ನೋಡಿ, ತನ್ನ ಪಾಡಿಗೆ ಹೋಯಿತು.

ಭಟ್ಟರ ಮೈಗೆ ಒಂದು ಗೀರೂ ಬಿದ್ದಿರಲಿಲ್ಲ. ಅನ್ನಪೂರ್ಣೇಶ್ವರಿಯವರ ಬಲಗೈ ಮಣಿಕಟ್ಟಿನ ಹತ್ತಿರ ಸೊಟ್ಟಗಾಗಿ ಊದತೊಡಗಿತ್ತು. ಭಟ್ಟರು ಆ ಕೈಯನ್ನೇ ನೋಡುತ್ತ ಕೂತರು. ಮೂರು ತಾಲ್ಲೂಕಿನಲ್ಲಿ ಹೆಸರು ತಮ್ಮದಾದರೂ ಹೋಳಿಗೆ ತಟ್ಟುತ್ತಿದ್ದದ್ದು ಆ ಕೈ.

"ಯಾರಿಗಾದ್ರೂ ಫೋನ್ ಮಾಡಿ," ಎಂದರು ಆಕೆ. ಗಾಡಿಯಲ್ಲಿ ಕೂತು ಅವರು ಈ ಮಾತು ಹೇಳಿದ್ದು ಅದೇ ಮೊದಲು.

ಫೋನು ಹೂರಣದಲ್ಲಿ ಹೂತುಹೋಗಿತ್ತು. ಭಟ್ಟರು ತೆಗೆದು ಪಂಚೆಗೆ ಒರೆಸಿದರು, ಒತ್ತಿದರು, ಊದಿದರು. ಒಡೆದ ಗಾಜಿನ ಹಿಂದೆ ಬೆಳಕೇ ಬರಲಿಲ್ಲ. ಎರಡು ಕಡ್ಡಿ ಸಿಗುವ ಜಾಗದಲ್ಲೇ ಅವರು ಯಾರಿಗೂ ಸಿಗದಂತಾಗಿದ್ದರು.

ಅಷ್ಟರಲ್ಲಿ ಪಿಕಪ್ಪಿನ ಸದ್ದು ಕೇಳಿತು. ಭಟ್ಟರು ಚರಂಡಿ ಹತ್ತಿ ರಸ್ತೆಗೆ ಬಂದು ಎರಡೂ ಕೈ ಬೀಸಿದರು. ಪಿಕಪ್ಪು ಅವರ ಪಕ್ಕದಿಂದ ಸರಿದು, ತಿರುವು ದಾಟಿ ಹೋಯಿತು.

"ಯಾರದು?" ಗಾಡಿಯೊಳಗಿಂದ ಅನ್ನಪೂರ್ಣೇಶ್ವರಿ ಕೇಳಿದರು.

"ನಮ್ಮ ಪಕ್ಕದ್ಮನೆ ಬೂತಪ್ಪ."

"ನಿಲ್ಸ್ಲಿಲ್ವಾ?"

"ಬೆರಳೆತ್ತಿದ," ಎಂದರು ಭಟ್ಟರು. "ಫೋನಲ್ಲಿದ್ದ."